ಎಡಕ್ಕೆ ಸರಿದ ಗೆರೆ

ಪರಮಾಣುವನ್ನು ಉಬ್ಬಿಸಬಹುದು ಎಂಬುದನ್ನು ದ್ಯಾಮವ್ವನಿಗೆ ತಿಳಿಸಿ ಹೇಳಲು ನೀಲಾಂಬಿಕಾಗೆ ಒಂದು ಇಡೀ ಬೆಳಗು ಹಿಡಿಯಿತು. ಕುಂದಗೋಳದ ಎರಡು ಕೋಣೆಯ ಮನೆ. ಗಂಡನ ಮಂಚಕ್ಕೆ ಆತು ನೆಲದ ಮೇಲೆ ಕೂತಿದ್ದ ದ್ಯಾಮವ್ವ ಜೋಳ ಹಸನು ಮಾಡುತ್ತಲೇ ಕೇಳಿಸಿಕೊಂಡಳು. ಗಂಡ ಫಕ್ಕೀರಪ್ಪ ಲೈನ್‌ಮನ್ ಆಗಿದ್ದವನು. ಎರಡು ವರ್ಷದ ಹಿಂದೆ, ಲೈನ್ ಬಂದ್ ಆಗಿದೆ ಎಂದು ನಂಬಿ ಕಂಬ ಹತ್ತಿದಾಗ ತಂತಿಯಲ್ಲಿ ಕರೆಂಟು ಹರಿದು ಕೆಳಗೆ ಬಿದ್ದಿದ್ದ. ಎದೆಬಡಿತ ಮತ್ತೆ ಶುರುವಾಗುವಷ್ಟರಲ್ಲಿ ಮಿದುಳು ಏಳೆಂಟು ನಿಮಿಷ ಪ್ರಾಣವಾಯು ಇಲ್ಲದೆ ಕಳೆದಿತ್ತು. ಈಗ ಕಣ್ಣು ತೆರೆಯುತ್ತಿದ್ದ, ಮುಚ್ಚುತ್ತಿದ್ದ, ನಳಿಕೆಯಲ್ಲಿ ಬಿಟ್ಟ ಗಂಜಿಯನ್ನು ಅರಗಿಸಿಕೊಳ್ಳುತ್ತಿದ್ದ. ಅಷ್ಟೇ. ಒಳಗೆ ಅವನು ಇದ್ದಾನೆಯೇ ಎಂದು ದ್ಯಾಮವ್ವ ಕೇಳಿದಾಗಲೆಲ್ಲ ವೈದ್ಯರು ಬೇರೆ ಮಾತು ತೆಗೆಯುತ್ತಿದ್ದರು.

ನೀಲಾಂಬಿಕಾ ಧಾರವಾಡದ ಒಂದು ಸಂಶೋಧನಾಲಯದಲ್ಲಿ ಭೌತವಿಜ್ಞಾನಿ. ಐವತ್ತರ ಹತ್ತಿರದ ಹೆಂಗಸು, ಒಬ್ಬಳೇ ಇರುತ್ತಿದ್ದಳು. ಅವಳು ದ್ಯಾಮವ್ವನಿಗೆ ಕಾರಹುಣ್ಣಿಮೆಯ ಗಾಳಿಪಟದ ಉದಾಹರಣೆ ಕೊಟ್ಟಳು. ಕೈಯಲ್ಲೇ ಹಿಡಿದ ಗಾಳಿಪಟ ಸಣ್ಣ ಗಾಳಿಗೆ ಮಿಸುಕುವುದಿಲ್ಲ. ಇದ್ದಷ್ಟೂ ದಾರ ಬಿಟ್ಟು ಮೇಲೆ ಕಳಿಸಿದರೆ, ನಮ್ಮ ಕೆನ್ನೆಗೆ ತಾಕದಷ್ಟು ತೆಳ್ಳನೆಯ ಗಾಳಿಗೂ ಅದು ಹೊರಳುತ್ತದೆ. ಪರಮಾಣುವಿನ ಹೊರಗಿನ ಎಲೆಕ್ಟ್ರಾನು ಕೂಡ ಹಾಗೆಯೇ. ರುಬಿಡಿಯಂ ಎಂಬ ಲೋಹದ ಆವಿಯನ್ನು ಕಡಲೆಕಾಳಿನಷ್ಟು ಸೀಸೆಯಲ್ಲಿ ತುಂಬಿ, ಎರಡು ಬಣ್ಣದ ಲೇಸರ್ ಕಿರಣ ಹಾಯಿಸಿದರೆ, ಕೆಲವು ಪರಮಾಣುಗಳ ಎಲೆಕ್ಟ್ರಾನು ನೂರನೆಯ ಮೆಟ್ಟಿಲಿಗೆ ಏರಿ ಕೂರುತ್ತದೆ. ಪರಮಾಣು ಸಾವಿರಾರು ಪಟ್ಟು ಹಿಗ್ಗುತ್ತದೆ. ಎಲೆಕ್ಟ್ರಾನಿನ ಮೇಲಿನ ಹಿಡಿತ ಎಷ್ಟು ಸಡಿಲವೆಂದರೆ, ಹತ್ತಿರದಲ್ಲಿ ಒಂದು ಚೂರು ವಿದ್ಯುತ್ ಕ್ಷೇತ್ರ ಸುಳಿದರೂ ಆ ಮೆಟ್ಟಿಲೇ ಕೆಳಗೋ ಮೇಲೋ ಜರುಗುತ್ತದೆ. ಮೆಟ್ಟಿಲು ಜರುಗಿದ್ದು ಪರದೆಯ ಮೇಲೆ ಒಂದು ಗೆರೆ ಸರಿದಂತೆ ಕಾಣುತ್ತದೆ.

ಮನುಷ್ಯ ಏನನ್ನಾದರೂ ನೆನೆದಾಗ ಮಿದುಳಿನಲ್ಲಿ ಏಳುವ ವಿದ್ಯುತ್ ಕ್ಷೇತ್ರ ಅತಿ ದುರ್ಬಲ. ತಲೆಬುರುಡೆ ದಾಟುವಷ್ಟರಲ್ಲಿ ಮತ್ತೂ ಸೊರಗುತ್ತದೆ. ಅದನ್ನು ಈ ಉಬ್ಬಿದ ಪರಮಾಣುಗಳಿಂದ ಹಿಡಿಯಬಹುದು ಎಂಬುದು ನೀಲಾಂಬಿಕಾಳ ಹನ್ನೊಂದು ವರ್ಷದ ದುಡಿಮೆ. ಗಾಜಿನ ಸೀಸೆಯ ಒಳಮೈಗೆ ಲೋಹದ ಲೇಪ ಹಿಡಿದು ಹೊರಗಿನ ಕ್ಷೇತ್ರವನ್ನೇ ತಡೆಯುತ್ತಿತ್ತು. ಅದಕ್ಕೆ ನೀಲಮಣಿ ಹರಳಿನ ಸೀಸೆ ಮಾಡಿಸಿದಳು. ಗೆರೆ ಯಾವ ಕಡೆ ಸರಿಯಿತೆಂದು ತಿಳಿಯಲು ಸೀಸೆಗಳಿಗೆ ಮೊದಲೇ ಒಂದು ಸಣ್ಣ ಸ್ಥಿರ ಕ್ಷೇತ್ರ ಕೊಟ್ಟಳು. ಹದಿನಾರು ಸೀಸೆಗಳನ್ನು ಒಂದು ಬಟ್ಟೆಯ ಪಟ್ಟಿಯಲ್ಲಿ ಹೊಲಿಸಿ ತಲೆಗೆ ಸುತ್ತುವಂತೆ ಮಾಡಿದ್ದಳು.

ದ್ಯಾಮವ್ವ ಅದನ್ನು ಮುಟ್ಟಿ ನೋಡಿ, ಪಟಗಾ ಇದ್ದಂಗ ಐತಲ್ರಿ ಅಂದಳು. ಹಬ್ಬ ಹುಣ್ಣಿಮೆಗೆ ಗಂಡಸರು ಸುತ್ತುವ ರುಮಾಲಿನ ಹೆಸರು ಅದು. ಅಂದಿನಿಂದ ಸಂಶೋಧನಾಲಯದಲ್ಲೂ ಆ ಯಂತ್ರಕ್ಕೆ ಪಟಗಾ ಎಂಬ ಹೆಸರೇ ನಿಂತಿತು.

ದ್ಯಾಮವ್ವನ ಮನೆಯ ಒಂದು ಕೋಣೆಗೆ ಗೋಡೆ, ಮಾಳಿಗೆ ಎಲ್ಲಕ್ಕೂ ತಾಮ್ರದ ಜಾಳಿಗೆ ಹೊಡೆಸಿದರು. ಮಿಕ್ಸರು, ಪಂಪು, ಬೀದಿಯ ತಂತಿಗಳ ಗದ್ದಲ ಒಳಗೆ ಬರದಂತೆ ಅದು ತಡೆಯುತ್ತಿತ್ತು. ಮೂರು ವಾರ ಪಟಗಾಕ್ಕೆ ಕಲಿಸಬೇಕಾಯಿತು. ಹೌದು ಎನ್ನಬೇಕಾದರೆ ಬಲಗೈ ಎತ್ತಿದಂತೆ ನೆನೆಸು, ಅಲ್ಲ ಎನ್ನಬೇಕಾದರೆ ಎಡಗಾಲು ಮಡಚಿದಂತೆ ನೆನೆಸು ಎಂದು ಫಕ್ಕೀರಪ್ಪನ ಕಿವಿಯಲ್ಲಿ ದಿನಕ್ಕೆ ನೂರು ಸಲ ಹೇಳಿದರು. ಹೇಳುವವಳು ದ್ಯಾಮವ್ವನೇ. ರೋಗಿಯ ಗಮನ ಚದುರದಿರಲಿ ಎಂದು ಅವನ ಕೈ ಹಿಡಿದುಕೊಂಡು ಕೇಳಲು ನೀಲಾಂಬಿಕಾ ತಾನೇ ಸೂಚಿಸಿದ್ದಳು.

ಇಪ್ಪತ್ತೆರಡನೆಯ ದಿನ ದ್ಯಾಮವ್ವ ಕೇಳಿದಳು: "ನಾನು ದ್ಯಾಮವ್ವ ಅದೀನಿ. ಗುರುತ ಹತ್ತೇತೇನ್ರಿ?"

ಗೆರೆ ಎಡಕ್ಕೆ ಸರಿಯಿತು. ಎಡಕ್ಕೆ ಸರಿದರೆ ಹೌದು.

ದ್ಯಾಮವ್ವ ಅಳಲಿಲ್ಲ. ಎದ್ದು ಹೋಗಿ ಒಲೆಯ ಮೇಲಿನ ಹಾಲು ಇಳಿಸಿ, ಮುಖ ತೊಳೆದುಕೊಂಡು, ಸೀರೆಯ ನೆರಿಗೆ ಸರಿಮಾಡಿಕೊಂಡು ಬಂದು ಮತ್ತೆ ಅದನ್ನೇ ಕೇಳಿದಳು. ಮತ್ತೆ ಎಡಕ್ಕೆ ಸರಿಯಿತು.

ಆಮೇಲೆ ಪರೀಕ್ಷೆಗಳು ನಡೆದವು. ಉತ್ತರ ಮೊದಲೇ ಗೊತ್ತಿದ್ದ ಐವತ್ತು ಪ್ರಶ್ನೆಗಳಲ್ಲಿ ನಲವತ್ತಾರಕ್ಕೆ ಫಕ್ಕೀರಪ್ಪ ಸರಿಯಾಗಿ ಹೇಳಿದ. ನರರೋಗದ ವೈದ್ಯರೊಬ್ಬರು ಬಂದು, ನಾಡಿ ಹಿಡಿದುಕೊಂಡು, ತಮ್ಮದೇ ಪ್ರಶ್ನೆ ಕೇಳಿ ಒಪ್ಪಿಕೊಂಡು ಹೋದರು. ನೀಲಾಂಬಿಕಾಳ ಪ್ರಬಂಧ ಅಚ್ಚಾಯಿತು. ಒಂದೇ ವರ್ಷದಲ್ಲಿ ಸುತ್ತಲಿನ ಜಿಲ್ಲೆಗಳ ಇನ್ನೂ ಇಪ್ಪತ್ತಮೂರು ಮನೆಗಳಿಗೆ ಪಟಗಾ ಹೋಯಿತು.

ಕುಂದಗೋಳದ ಮನೆಯಲ್ಲಿ ಜೀವನ ಮತ್ತೆ ಶುರುವಾಯಿತು. ಯಾವ ಮಗ್ಗಲಿಗೆ ಮಲಗಿಸಲಿ, ಗಂಜಿ ಬಿಸಿ ಆಯಿತೇ, ರೇಡಿಯೊ ಹಚ್ಚಲೇ, ತಂಗಿಯ ಮಗಳ ಮದುವೆಗೆ ಹೋಗಿ ಬರಲೇ ಎಂದು ದ್ಯಾಮವ್ವ ದಿನವಿಡೀ ಕೇಳುತ್ತಿದ್ದಳು. ಎರಡು ವರ್ಷ ಮೂಕಳಾಗಿದ್ದವಳು ಈಗ ಅಡುಗೆಮನೆಯಿಂದಲೇ ಕೂಗಿ ಮಾತಾಡುತ್ತಿದ್ದಳು. ಆಮೇಲೆ ಕೈ ಒರೆಸಿಕೊಂಡು ಬಂದು ಗಂಡನ ಕೈ ಹಿಡಿದು ಉತ್ತರ ನೋಡಿಕೊಳ್ಳುತ್ತಿದ್ದಳು. ಕಂಬದ ಕೆಲಸದ ಗಡಿಬಿಡಿಯಲ್ಲಿ ಅವರಿಬ್ಬರು ಮೊದಲು ಇಷ್ಟು ಮಾತಾಡಿದ್ದೇ ಇಲ್ಲವೆಂದು ನೀಲಾಂಬಿಕಾಗೆ ಹೇಳಿದ್ದಳು. ಮದುವೆಯಾಗಿ ಹದಿನೆಂಟು ವರ್ಷವಾದ ಮೇಲೆ, ತಾನು ಮಾಡುವ ಹಿಟ್ಟಿನ ಪಲ್ಯ ಅವನಿಗೆ ಎಂದೂ ಸೇರುತ್ತಿರಲಿಲ್ಲ ಎಂದು ತಿಳಿದು ನಕ್ಕಿದ್ದಳಂತೆ.

ಆ ಮನೆಗೆ ಪ್ರತಿ ಭಾನುವಾರ ಬರುತ್ತಿದ್ದವನು ಮೌನೇಶ ಬಡಿಗೇರ. ಅವನು ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್. ಲೈನ್ ಬಂದ್ ಮಾಡುವುದು, ಚಾಲೂ ಮಾಡುವುದು ಅವನ ಕೆಲಸ. ಅಪಘಾತದ ದಿನ, ಲೈನ್ ಬಂದ್ ಮಾಡಿದ್ದೇನೆ ಹತ್ತು ಎಂದು ಫಕ್ಕೀರಪ್ಪನಿಗೆ ಫೋನಿನಲ್ಲಿ ಹೇಳಿದವನೂ ಅವನೇ. ಬಂದ್ ಆದ ತಂತಿಗೆ ಕರೆಂಟು ಹೇಗೆ ಬಂತು ಎಂಬ ವಿಚಾರಣೆ ಎರಡು ವರ್ಷಕ್ಕೂ ಹೆಚ್ಚು ಕಾಲದಿಂದ ತೆವಳುತ್ತಿತ್ತು. ಮೌನೇಶ ತಾನು ಮತ್ತೆ ಚಾಲೂ ಮಾಡಲಿಲ್ಲ ಎಂದೇ ಹೇಳುತ್ತ ಬಂದಿದ್ದ. ಭಾನುವಾರ ಬಂದರೆ ಫಕ್ಕೀರಣ್ಣನಿಗೆ ಸ್ನಾನ ಮಾಡಿಸಿ, ಬೆನ್ನಿಗೆ ಪೌಡರು ಹಚ್ಚಿ, ಗಡ್ಡ ಹೆರೆದು, ಮಧ್ಯಾಹ್ನ ಅಲ್ಲೇ ರೊಟ್ಟಿ ತಿಂದು ಹೋಗುತ್ತಿದ್ದ. ದ್ಯಾಮವ್ವನನ್ನು ಅಣ್ಣನ ಹೆಂಡತಿಯೆಂದು ವೈನಿ ಎಂದೇ ಕರೆಯುತ್ತಿದ್ದ.

ಆ ಪ್ರಶ್ನೆ ಕೇಳಲು ದ್ಯಾಮವ್ವ ಏಳು ತಿಂಗಳು ತಡೆದಳು. ಒಂದು ಬುಧವಾರ ನೀಲಾಂಬಿಕಾ ಯಂತ್ರ ನೋಡಿಕೊಳ್ಳಲು ಬಂದಿದ್ದಾಗ, ಅವಳ ಎದುರಿಗೇ ಕೇಳಿದಳು. ಲೈನ್ ಮತ್ತೆ ಚಾಲೂ ಮಾಡಿದ್ದು ಮೌನೇಶನೇ ಏನ್ರಿ?

ಗೆರೆ ಎಡಕ್ಕೆ ಹೋಯಿತು. ಅಲ್ಲಿಯವರೆಗೆ ನೀಲಾಂಬಿಕಾ ಕಂಡ ಎಲ್ಲ ಉತ್ತರಗಳಿಗಿಂತ ದೂರ ಹೋಗಿ ನಿಂತಿತು.

ಕಂಬದ ತುದಿಯಲ್ಲಿದ್ದವನಿಗೆ ದೂರದ ಸಬ್‌ಸ್ಟೇಷನ್ನಿನಲ್ಲಿ ಯಾರು ಏನು ಮಾಡಿದರೆಂದು ಗೊತ್ತಾಗುವುದು ಹೇಗೆ ಎಂಬ ಮಾತು ನೀಲಾಂಬಿಕಾಳ ಮನಸ್ಸಿಗೆ ಬಂದಿತ್ತು. ಫೋನಿನಲ್ಲಿ ಏನೋ ಕೇಳಿಸಿರಬೇಕು ಎಂದು ತಾನೇ ಸಮಾಧಾನ ಹೇಳಿಕೊಂಡಳು. ಹನ್ನೊಂದು ವರ್ಷ ಆ ಗೆರೆಯನ್ನು ನಂಬಿ ಬದುಕಿದ್ದವಳಿಗೆ ಅದಕ್ಕಿಂತ ಹೆಚ್ಚು ಯೋಚಿಸುವ ಮನಸ್ಸಾಗಲಿಲ್ಲ.

ಭಾನುವಾರ ಮೌನೇಶ ಬಂದಾಗ ದ್ಯಾಮವ್ವ ಬಾಗಿಲಲ್ಲೇ ನಿಂತು ವಿಷಯ ಹೇಳಿದಳು. ಬೈಯಲಿಲ್ಲ. ಇನ್ನು ಮೇಲೆ ಬರಬೇಡ ಎಂದಷ್ಟೇ ಹೇಳಿದಳಂತೆ. ಮೌನೇಶ ಕಟ್ಟೆಯ ಮೇಲೆ ಕೂತು, ತಾನೇ ಒಂದು ಸಲ ಕೇಳಬೇಕು, ಮೇಡಮ್ಮಾರನ್ನೂ ಕರೆಸಿರಿ ಎಂದ. ಎರಡು ದಿನದ ನಂತರ ನೀಲಾಂಬಿಕಾಳ ಮುಂದೆ, ಮಂಚದ ಪಕ್ಕ ಮಂಡಿಯೂರಿ ಕೂತು, ಫಕ್ಕೀರಪ್ಪನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ.

"ಫಕ್ಕೀರಣ್ಣಾ, ನಾ ಮೌನೇಶ," ಅಂದ. "ನಾನ ಲೈನ್ ಚಾಲೂ ಮಾಡಿದ್ನೇನು?"

ಗೆರೆ ಎಡಕ್ಕೆ ಸರಿಯಿತು. ಮೌನೇಶ ಇನ್ನೊಮ್ಮೆ ಕೇಳಿದ. ಮೂರನೆಯ ಸಲ ಕೇಳುವಾಗ ಅವನ ತೋಳುಗಳು ನಡುಗುತ್ತಿದ್ದವು. ಮೂರು ಸಲವೂ ಎಡಕ್ಕೆ. ಅವನು ಕೈ ಬಿಟ್ಟು, ಫಕ್ಕೀರಪ್ಪನ ಹೊದಿಕೆ ಸರಿಮಾಡಿ ಎದ್ದು ಹೋದ. ಮರುದಿನ ಇಲಾಖೆಗೆ ತಪ್ಪೊಪ್ಪಿಗೆ ಬರೆದುಕೊಟ್ಟ. ತನಗೆ ನೆನಪಿಲ್ಲ, ಆದರೆ ಸುಳ್ಳು ಹೇಳಲಾರದ ಸ್ಥಿತಿಯಲ್ಲಿರುವ ಮನುಷ್ಯ ಹೇಳಿದ್ದಾನೆ, ಆದ್ದರಿಂದ ತಾನೇ ಮಾಡಿರಬೇಕು ಎಂದು ಅದರಲ್ಲಿತ್ತು. ಯಂತ್ರದ ಉತ್ತರ ನಂಬಲು ಅರ್ಹವೇ ಎಂದು ವಿಚಾರಣಾಧಿಕಾರಿ ನೀಲಾಂಬಿಕಾಳನ್ನು ಲಿಖಿತವಾಗಿ ಕೇಳಿದರು. ಅರ್ಹವೆಂದು ಬರೆದು ಅವಳು ಸಹಿ ಮಾಡಿದಳು. ಮೌನೇಶನ ಕೆಲಸ ಹೋಯಿತು, ಕೋರ್ಟಿನಲ್ಲಿ ಮೊಕದ್ದಮೆ ದಾಖಲಾಯಿತು. ಊರಿನಲ್ಲಿ ಅವನ ಹೆಂಡತಿಗೆ ಗಿರಣಿಯವನು ಜೋಳ ಬೀಸಿಕೊಡಲು ಒಪ್ಪಲಿಲ್ಲ. ಅವರು ಸವಣೂರಿನ ಆಚೆಯ ಮಾವನ ಹಳ್ಳಿಗೆ ಹೊರಟುಹೋದರು.

ಮುಂದಿನ ಶ್ರಾವಣದಲ್ಲಿ ಫಕ್ಕೀರಪ್ಪ ತೀರಿಕೊಂಡ. ಶ್ವಾಸಕೋಶದಲ್ಲಿ ಸೋಂಕು ಆಗಿತ್ತು. ದ್ಯಾಮವ್ವ ಫೋನ್ ಮಾಡಿದಾಗ ಬೆಳಿಗ್ಗೆ ಎಂಟು ಗಂಟೆ. ನೀಲಾಂಬಿಕಾ ಮಣ್ಣಿಗೆ ಹೋಗಿ ಬಂದಳು.

ಹದಿನೈದು ದಿನದ ನಂತರ ಅವಳು ಕೊನೆಯ ದಿನದ ದಾಖಲೆ ತೆರೆದಳು. ಸಾಯುವ ಹೊತ್ತಿನ ಮಿದುಳಿನ ಕ್ಷೇತ್ರವನ್ನು ಯಾರೂ ಇಷ್ಟು ಹತ್ತಿರದಿಂದ ಅಳೆದಿರಲಿಲ್ಲ. ಅದರ ಬಗ್ಗೆ ಬರೆಯಬೇಕೆಂದಿದ್ದಳು. ಹೃದಯದ ಬಡಿತವೂ ಒಂದು ವಿದ್ಯುತ್ ಕ್ಷೇತ್ರವೇ ಆದ್ದರಿಂದ ಪಟಗಾದ ದಾಖಲೆಯಲ್ಲಿ ಅದು ಸಣ್ಣ ಅಲೆಯಂತೆ ಸದಾ ಕಾಣುತ್ತಿತ್ತು. ಲೆಕ್ಕಕ್ಕೆ ಅಡ್ಡಿಯೆಂದು ಯಂತ್ರ ಅದನ್ನು ಸೋಸಿ ಬದಿಗಿಡುತ್ತಿತ್ತು. ಆ ಬದಿಗಿಟ್ಟ ಅಲೆಯನ್ನು ಅವಳು ಪರದೆಯ ಮೇಲೆ ಹರಡಿದಳು.

ಆರು ಗಂಟೆ ಹನ್ನೆರಡು ನಿಮಿಷಕ್ಕೆ ಅಲೆ ನಿಂತಿತ್ತು. ಮತ್ತೆ ಏಳಲಿಲ್ಲ.

ಆರು ನಲವತ್ತಕ್ಕೆ ದ್ಯಾಮವ್ವನ ದನಿ ದಾಖಲಾಗಿತ್ತು. ಥಂಡಿ ಹತ್ತೇತೇನ್ರಿ ಎಂದು ಕೇಳಿದ್ದಳು. ಗೆರೆ ಎಡಕ್ಕೆ ಸರಿದಿತ್ತು. ಕಂಬಳಿ ಹೊಚ್ಚಲೇನು ಎಂದು ಕೇಳಿದ್ದಳು. ಎಡಕ್ಕೆ. ಬ್ಯಾರೆ ಏನಾರ ಬೇಕೇನು ಎಂದು ಕೇಳಿದ್ದಳು. ಗೆರೆ ಬಲಕ್ಕೆ ಸರಿದಿತ್ತು. ಏನೂ ಬೇಡ.

ನೀಲಾಂಬಿಕಾ ಮೊದಲು ಗಡಿಯಾರ ತಪ್ಪಿರಬೇಕೆಂದು ನೋಡಿದಳು. ತಪ್ಪಿರಲಿಲ್ಲ. ಸೀಸೆಗಳು ಕೆಟ್ಟಿರಬೇಕೆಂದು ಅಳೆದಳು. ಹದಿನಾರೂ ಸರಿಯಾಗಿದ್ದವು. ಆಮೇಲೆ ಒಂದು ದೊಡ್ಡ ರಬ್ಬರ್ ಚೀಲಕ್ಕೆ, ಮನುಷ್ಯನ ಮೈಯಲ್ಲಿ ಇರುವಷ್ಟೇ ಉಪ್ಪು ಬೆರೆಸಿದ ನೀರು ತುಂಬಿಸಿ ಸಂಶೋಧನಾಲಯದ ತಾಮ್ರದ ಜಾಳಿಗೆಯ ಕೋಣೆಯಲ್ಲಿ ಮಲಗಿಸಿದಳು. ಚೀಲದ ತಲೆಯ ಭಾಗಕ್ಕೆ ಪಟಗಾ ಸುತ್ತಿದಳು. ಒಂದು ಬದಿಯನ್ನು ಕೈಯಲ್ಲಿ ಹಿಡಿದುಕೊಂಡಳು.

ತನ್ನ ಹೆಸರು ನೀಲಾಂಬಿಕಾ ಹೌದೇ ಎಂದು ಕೇಳಿದಳು. ಗೆರೆ ಎಡಕ್ಕೆ ಸರಿಯಿತು. ತಾನು ಹುಟ್ಟಿದ್ದು ಬಾಗಲಕೋಟೆಯಲ್ಲೇ ಎಂದು ಕೇಳಿದಳು. ಎಡಕ್ಕೆ. ಅವ್ವ ಇನ್ನೂ ಬದುಕಿದ್ದಾಳೆಯೇ ಎಂದು ಕೇಳಿದಳು. ಬಲಕ್ಕೆ. ಕೈ ಸಡಿಲ ಬಿಟ್ಟು, ಬೇರೇನೋ ಯೋಚಿಸುತ್ತ, ತನ್ನನ್ನೇ ಮೋಸಗೊಳಿಸಿಕೊಳ್ಳಲು ನೋಡುತ್ತ ಮತ್ತೆ ಕೇಳಿದಳು. ಕೈಯನ್ನು ಚೀಲದಿಂದ ತೆಗೆದರೆ ಮಾತ್ರ ಗೆರೆ ಅಲ್ಲಾಡದೆ ನಿಲ್ಲುತ್ತಿತ್ತು. ಹಿಡಿದಷ್ಟೂ ಹೊತ್ತು ಆ ಉಪ್ಪುನೀರು ಅವಳಿಗೆ ಗೊತ್ತಿದ್ದ ಎಲ್ಲದಕ್ಕೂ ಸರಿಯಾದ ಉತ್ತರ ಕೊಟ್ಟಿತು.

ಕಾರಣ ಹುಡುಕಲು ಎರಡೇ ದಿನ ಸಾಕಾಯಿತು. ಹೌದು ಎಂಬ ಉತ್ತರ ಬರುತ್ತದೆಂದು ಮನಸ್ಸು ಕಾಯುವಾಗ ತೋಳಿನ ಸ್ನಾಯುಗಳು, ಕಣ್ಣಿಗೆ ಕಾಣದಷ್ಟು, ಒಂದು ಬಗೆಯಲ್ಲಿ ಬಿಗಿಯುತ್ತವೆ. ಅಲ್ಲ ಎಂದು ಕಾಯುವಾಗ ಇನ್ನೊಂದು ಬಗೆಯಲ್ಲಿ. ಸ್ನಾಯು ಬಿಗಿದಾಗ ಏಳುವ ಕ್ಷೇತ್ರ ಮಿದುಳಿನದಕ್ಕಿಂತ ಎಷ್ಟೋ ಪಾಲು ದೊಡ್ಡದು. ಬೆವರಿದ ಚರ್ಮದ ಮೂಲಕ, ಹಿಡಿದ ಕೈಯ ಮೂಲಕ ಅದು ಮಲಗಿದವನ ಮೈಗೆಲ್ಲ ಹರಡುತ್ತದೆ. ಮೂರು ವಾರ ಪಟಗಾ ಕಲಿತದ್ದು ದ್ಯಾಮವ್ವನ ಕೈಯನ್ನು. ಗಂಡನಿಗೆ ಹಿಟ್ಟಿನ ಪಲ್ಯ ಸೇರುತ್ತಿರಲಿಲ್ಲ ಎಂದು ಹದಿನೆಂಟು ವರ್ಷ ಒಳಗೊಳಗೇ ಅನುಮಾನಿಸಿದ್ದು ಅವಳೇ. ಮೌನೇಶನ ಮೇಲೆ ಸಂಶಯ ಇಟ್ಟುಕೊಂಡಿದ್ದೂ ಅವಳೇ. ಮೌನೇಶ ಮಂಡಿಯೂರಿ ಕೇಳಿದಾಗ ಉತ್ತರಿಸಿದ್ದು ಮೌನೇಶನ ಭಯ.

ಫಕ್ಕೀರಪ್ಪ ಒಳಗೆ ಇದ್ದನೇ ಇಲ್ಲವೇ ಎಂಬುದು ಇನ್ನು ಎಂದೂ ತಿಳಿಯುವಂತಿರಲಿಲ್ಲ. ಇದ್ದಿದ್ದರೆ, ಒಂದೂವರೆ ವರ್ಷ ಅವನ ಕಣ್ಣೆದುರೇ ಬೇರೆ ಯಾರೋ ಅವನ ಬಾಯಾಗಿ ಮಾತಾಡಿದ್ದರು. ನೀಲಾಂಬಿಕಾಳನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಅದು.

ಸಂಶೋಧನಾಲಯದ ನಿರ್ದೇಶಕರು ದಾಖಲೆಗಳನ್ನು ನೋಡಿ, ಪ್ರಬಂಧ ಹಿಂತೆಗೆದುಕೊಳ್ಳಲು, ಎಲ್ಲ ಮನೆಗಳಿಂದ ಪಟಗಾ ವಾಪಸು ತರಲು ಒಪ್ಪಿಗೆ ಕೊಟ್ಟರು. ಅದಕ್ಕೂ ಮೊದಲು ನೀಲಾಂಬಿಕಾ ಕುಂದಗೋಳಕ್ಕೆ ಹೋದಳು.

ದ್ಯಾಮವ್ವ ಚಹಾ ಮಾಡಿಕೊಟ್ಟು, ಎದುರಿಗೆ ಕೂತು, ಕೊನೆಯವರೆಗೂ ಕೇಳಿದಳು. ನೀಲಾಂಬಿಕಾ ಆರು ಹನ್ನೆರಡರ ವಿಷಯ ಹೇಳಲು ಹಿಂಜರಿದಾಗ ಅವಳೇ ಮಾತು ತೆಗೆದಳು.

"ಕೈ ತಣ್ಣಗ ಆಗಿತ್ರಿ ಅಕ್ಕಾರ. ನನಗ ಗೊತ್ತಿತ್ತು," ಅಂದಳು. "ಗೊತ್ತಿದ್ದ ಕೇಳಿದೆ. ಅವರು ಹೌದು ಅಂದ್ರು."

ಹೌದು ಅಂದಿದ್ದು ಅವರಲ್ಲ, ನಿಮ್ಮ ಕೈ ಎಂದು ನೀಲಾಂಬಿಕಾ ಇನ್ನೊಮ್ಮೆ ವಿವರಿಸಿದಳು. ದ್ಯಾಮವ್ವ ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಕೂತಳು. ಹಾಗಾದರೆ ಮೌನೇಶನ ವಿಷಯ ಏನು ಎಂದು ಕೇಳಿದಳು. ಅದೂ ಹಾಗೆಯೇ ಎಂದಳು ನೀಲಾಂಬಿಕಾ. ದ್ಯಾಮವ್ವ ಎದ್ದು ಚಹಾದ ಕಪ್ಪು ತೊಳೆದಿಟ್ಟು, ಬಾಗಿಲವರೆಗೆ ಬಂದು ಕಳಿಸಿಕೊಟ್ಟಳು. ಇನ್ನು ಮೇಲೆ ಬರುವುದು ಬೇಡ ಎಂದು ಬಾಗಿಲಲ್ಲಿ ಮೆಲ್ಲಗೆ ಹೇಳಿದಳು.

ನೀಲಾಂಬಿಕಾ ವಿಚಾರಣಾಧಿಕಾರಿಗೆ ತನ್ನ ಹೇಳಿಕೆಯನ್ನು ಹಿಂತೆಗೆದುಕೊಳ್ಳುವ ಪತ್ರ ಕೊಟ್ಟಳು. ಅವರು ಕಡತ ತೆಗೆದು ತೋರಿಸಿದರು. ಅದರಲ್ಲಿ ವಿದ್ಯುತ್ ಪರಿವೀಕ್ಷಕರ ವರದಿಯೊಂದು ಇತ್ತು. ಮೌನೇಶ ತಪ್ಪೊಪ್ಪಿಕೊಂಡ ಮೇಲೆ ಬಂದದ್ದರಿಂದ ಅದನ್ನು ಯಾರೂ ಓದಿರಲಿಲ್ಲ. ಸಬ್‌ಸ್ಟೇಷನ್ನಿನ ಲೈನ್ ಕಡಿಯುವ ಬ್ರೇಕರ್ ಯಾವಾಗ, ಎಷ್ಟು ಸಲ ತೆರೆದು ಮುಚ್ಚಿತೆಂದು ಅದರೊಳಗಿನ ಮೀಟರೇ ದಾಖಲಿಸುತ್ತದೆ. ಆ ದಿನ ಬಂದ್ ಆದ ಮೇಲೆ, ಫಕ್ಕೀರಪ್ಪನನ್ನು ಆಸ್ಪತ್ರೆಗೆ ಒಯ್ಯುವವರೆಗೂ ಅದು ಚಾಲೂ ಆಗಿರಲಿಲ್ಲ. ಅದೇ ಲೈನಿನ ಮೇಲಿದ್ದ ಹತ್ತಿ ಗಿರಣಿಯೊಂದು, ಕರೆಂಟು ಹೋದಾಗ ತನ್ನ ಜನರೇಟರ್ ಹಚ್ಚಿತ್ತು. ತಪ್ಪಾಗಿ ಜೋಡಿಸಿದ್ದ ಆ ಜನರೇಟರಿನ ವಿದ್ಯುತ್ತು ಹಿಂದಿನಿಂದ ಟ್ರಾನ್ಸ್‌ಫಾರ್ಮರ್ ದಾಟಿ, ಕಂಬದ ತಂತಿಗೆ ಹನ್ನೊಂದು ಸಾವಿರ ವೋಲ್ಟಾಗಿ ಬಂದಿತ್ತು. ಗಿರಣಿ ಮುಚ್ಚಿ ಒಂದು ವರ್ಷವಾಗಿತ್ತು.

ವರದಿಯ ಪ್ರತಿ ಹಿಡಿದುಕೊಂಡು ಅವಳು ಸವಣೂರು ದಾಟಿ ಮೌನೇಶನ ಹಳ್ಳಿಗೆ ಹೋದಳು. ಅವನು ಮಾವನ ಬಡಗಿ ಅಂಗಳದಲ್ಲಿ ಕಿಟಕಿಯ ಚೌಕಟ್ಟಿಗೆ ಉಜ್ಜುಕೊರಡು ಹಾಕುತ್ತಿದ್ದ. ಅರ್ಧಕ್ಕರ್ಧ ಇಳಿದುಹೋಗಿದ್ದ. ಮರದ ದಿಮ್ಮಿಯ ಮೇಲೆ ಟವೆಲು ಹಾಸಿ ಅವಳನ್ನು ಕೂರಿಸಿ, ಹೆಂಡತಿಗೆ ನೀರು ತರಲು ಹೇಳಿದ. ನೀಲಾಂಬಿಕಾ ಮೊದಲು ಕ್ಷಮೆ ಕೇಳಿದಳು. ಆಮೇಲೆ ಉಪ್ಪುನೀರಿನ ಚೀಲದ ವಿಷಯ ಹೇಳಿದಳು, ವರದಿ ಓದಿ ಹೇಳಿದಳು. ಬ್ರೇಕರಿನ ಮೀಟರು ಏನೆಂದು ಅವನಿಗೆ ತನಗಿಂತ ಚೆನ್ನಾಗಿ ಗೊತ್ತು ಎಂದು ನೆನಪಿಸಿದಳು.

ಅವನು ಕಾಗದ ತೆಗೆದುಕೊಂಡು, ಎರಡು ಸಲ ಓದಿ, ಮಡಚಿ ವಾಪಸು ಕೊಟ್ಟ.

"ಮೀಟರ್ ಕೆಡತಾವ್ರಿ," ಅಂದ. "ನನಗ ಈಗ ಪೂರಾ ನೆನಪಾಗೇತಿ. ಹೊರಗ ಯಾರೋ ಕರದಂಗಾತು. ಎದ್ದು ಹ್ಯಾಂಡಲ್ ತಿರುವಿದೆ. ಕೈಗೆ ತಣ್ಣಗ ಹತ್ತಿತ್ತು. ಖಟ್ ಅಂತು."

ಅದು ನೆನಪಲ್ಲ, ಒಂದು ವರ್ಷ ಅದನ್ನೇ ಯೋಚಿಸಿ ಮನಸ್ಸು ಕಟ್ಟಿಕೊಂಡದ್ದು ಎಂದು ನೀಲಾಂಬಿಕಾ ಹೇಳಿದಳು. ಅಂದು ಗೆರೆ ಸರಿಸಿದ್ದು ಫಕ್ಕೀರಪ್ಪ ಅಲ್ಲ, ನಿಮ್ಮದೇ ಕೈ ಎಂದು ಒತ್ತಿ ಹೇಳಿದಳು. ಮೌನೇಶ ಮರದ ಹೊಟ್ಟನ್ನು ಕಾಲಿನಿಂದ ಒಟ್ಟುಗೂಡಿಸಿದ.

"ನನ್ನ ಕೈನ ಹೇಳಿದ್ರ, ಅದಕ್ಕಿಂತ ಸಾಕ್ಷಿ ಇನ್ನೇನ್ರಿ ಮೇಡಂ?" ಅಂದ.

ಒಳಗಿನಿಂದ ಅವನ ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು. ನೀಲಾಂಬಿಕಾ ಹೊರಟಾಗ ಬೀದಿಯ ತಿರುವಿನವರೆಗೆ ಹಿಂದೆ ಬಂದು, ಆ ಕಾಗದ ತನಗೆ ಕೊಡಿರಿ, ಹೇಗಾದರೂ ಮಾಡಿ ಅವರಿಗೆ ಒಪ್ಪಿಸುತ್ತೇನೆ ಎಂದು ಕೇಳಿಕೊಂಡಳು. ನೀಲಾಂಬಿಕಾ ಕೊಟ್ಟಳು.

ಒಪ್ಪಿಸಲು ಆಗಲಿಲ್ಲ. ಮೊಕದ್ದಮೆ ಕರೆಗೆ ಬಂದ ದಿನ ನೀಲಾಂಬಿಕಾ ಸಾಕ್ಷಿಯ ಕಟಕಟೆಯಲ್ಲಿ ನಿಂತು, ತನ್ನ ಯಂತ್ರ ಸುಳ್ಳು, ತನ್ನ ಸಹಿ ತಪ್ಪು ಎಂದು ಹೇಳಿದಳು. ನ್ಯಾಯಾಧೀಶರು ತಾಳ್ಮೆಯಿಂದ ಕೇಳಿದರು. ಆಮೇಲೆ ಮೌನೇಶನನ್ನು ಕೇಳಿದರು. ಮೇಡಮ್ಮಾರು ತನ್ನ ಮೇಲಿನ ಕನಿಕರದಿಂದ ಹೀಗೆ ಹೇಳುತ್ತಿದ್ದಾರೆ, ತಾನು ಯಂತ್ರದ ಮಾತು ಬಿಟ್ಟು ತನ್ನ ಸ್ವಂತ ನೆನಪಿನಿಂದ ಹೇಳುತ್ತಿದ್ದೇನೆ ಎಂದ ಅವನು. ಹ್ಯಾಂಡಲಿನ ಬಣ್ಣ, ಆಗ ರೇಡಿಯೊದಲ್ಲಿ ಬರುತ್ತಿದ್ದ ಬಜಾರದ ಧಾರಣೆ, ಎಲ್ಲವನ್ನೂ ಹೇಳಿದ. ವರದಿಯ ಮೀಟರು ಹಳೆಯದು, ಗಿರಣಿ ಈಗಿಲ್ಲ, ಆರೋಪಿ ಮೂರು ಸಲ ಎಚ್ಚರಿಸಿದರೂ ಒಪ್ಪಿಕೊಳ್ಳುತ್ತಿದ್ದಾನೆ ಎಂದರು ನ್ಯಾಯಾಧೀಶರು. ಎರಡು ವರ್ಷದ ಸಜೆ ಆಯಿತು. ತೀರ್ಪು ಕೇಳಿದಾಗ ಅವನ ಮುಖದಲ್ಲಿ ಒಂದು ಬಗೆಯ ನಿರಾಳ ಕಂಡಿತು. ಅದನ್ನು ನೋಡಲಾರದೆ ನೀಲಾಂಬಿಕಾ ಹೊರಗೆ ಬಂದಳು. ಹಿಂದಿನ ಬೆಂಚಿನಲ್ಲಿ ದ್ಯಾಮವ್ವ ಕೂತಿದ್ದಳು. ಅವಳೂ ಎದ್ದು ಬಸ್‌ಸ್ಟ್ಯಾಂಡಿನ ಕಡೆ ನಡೆದುಹೋದಳು.

ಪಟಗಾಗಳನ್ನು ವಾಪಸು ತರುವ ಕೆಲಸ ಉಳಿದಿತ್ತು. ಪತ್ರ ಕಳಿಸಿದರೆ ಯಾರೂ ಉತ್ತರ ಕೊಡಲಿಲ್ಲ. ಬೇರೆಯವರನ್ನು ಕಳಿಸಲು ಮನಸ್ಸಾಗದೆ ನೀಲಾಂಬಿಕಾ ತಾನೇ ಸಂಶೋಧನಾಲಯದ ಜೀಪಿನಲ್ಲಿ ಹೊರಟಳು. ಮೊದಲ ಮನೆ ರಾಮದುರ್ಗದ್ದು. ನಿಂಗನಗೌಡ ಎಂಬ, ನೇಯ್ಗೆ ಕಲಿಸುವ ಮಾಸ್ತರರ ಮನೆ. ಅವರ ಮಗಳು ಸುಗಲಾ, ಹತ್ತೊಂಬತ್ತು ವರ್ಷದವಳು, ಮಿದುಳುಜ್ವರ ಬಂದ ಮೇಲೆ ನಾಲ್ಕು ವರ್ಷದಿಂದ ಹಾಸಿಗೆಯಲ್ಲಿದ್ದಳು. ತಾಯಿ ಇರಲಿಲ್ಲ.

ನಿಂಗನಗೌಡರು ಓದಿದವರು. ಪತ್ರ ಓದಿದ್ದರು, ಅರ್ಥವನ್ನೂ ಮಾಡಿಕೊಂಡಿದ್ದರು. ನೀಲಾಂಬಿಕಾ ಹೇಳಿದ್ದಕ್ಕೆಲ್ಲ ತಲೆದೂಗಿದರು. ಬೇರೆಯವರ ವಿಷಯದಲ್ಲಿ ಹಾಗೆ ಆಗಿರಬಹುದು ಎಂದರು. ಮಗಳನ್ನು ಒಂದು ಮಾತು ಕೇಳದೆ ಕೊಡಲಾರೆ ಎಂದರು. ಮಂಚದ ಮೇಲೆ ಕೂತು, ಅವಳ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು.

"ಸುಗಲಾ, ಇದನ್ನ ಇವರು ಒಯ್ತೀವಿ ಅಂತಾರ. ಕೊಡೂಣೇನವ್ವಾ?"

ಗೆರೆ ಬಲಕ್ಕೆ ಸರಿಯಿತು. ನಿಂಗನಗೌಡರು ನೀಲಾಂಬಿಕಾಳ ಮುಖ ನೋಡಿದರು.

ನೀಲಾಂಬಿಕಾ ಮುಂದೆ ಬಂದು, ಹುಡುಗಿಯ ತಲೆಯನ್ನು ಒಂದು ಕೈಯಲ್ಲಿ ಮೆಲ್ಲಗೆ ಎತ್ತಿ, ಪಟಗಾವನ್ನು ಸುತ್ತು ಸುತ್ತಾಗಿ ಬಿಚ್ಚಿದಳು. ತಂತಿಗಳನ್ನು ಕಿತ್ತಳು. ಪರದೆ ಆರಿತು. ಹುಡುಗಿಯ ಹಣೆಯ ಮೇಲೆ ಪಟ್ಟಿಯ ಗುರುತು ಕೆಂಪಗೆ ಉಳಿದಿತ್ತು. ಕಣ್ಣು ಮಾಳಿಗೆಯ ಕಡೆ ಇದ್ದದ್ದು ಹಾಗೇ ಇತ್ತು. ನಿಂಗನಗೌಡರು ತಡೆಯಲಿಲ್ಲ, ಕೂಗಾಡಲಿಲ್ಲ. ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ.

ನೀಲಾಂಬಿಕಾ ಪೆಟ್ಟಿಗೆಯ ಮುಚ್ಚಳ ಹಾಕುವಾಗ ಅವರು ಮಗಳ ಕಿವಿಯ ಹತ್ತಿರ ಬಾಗಿ, ಸಿಟ್ಟು ಬಂತೇನವ್ವಾ ಎಂದು ಕೇಳುವುದು ಕೇಳಿಸಿತು. ಸ್ವಲ್ಪ ಹೊತ್ತು ಕಾದು, ತಾವೇ ತಲೆಯಾಡಿಸಿದರು. ನೀರು ಬೇಕೇನು ಎಂದು ಕೇಳಿದರು. ಹೂಂ ಅಂದಳು ಎಂದು ನೀಲಾಂಬಿಕಾಗೆ ಹೇಳಿ, ಮೂಲೆಯಲ್ಲಿದ್ದ ಚೊಂಬಿನ ಕಡೆ ಬೆರಳು ತೋರಿಸಿದರು.

ನೀಲಾಂಬಿಕಾ ಚೊಂಬು ತಂದು ಅವರ ಕೈಗೆ ಕೊಟ್ಟಳು. ಆಮೇಲೆ ಪೆಟ್ಟಿಗೆಯನ್ನು ಹೊತ್ತು ಜೀಪಿನ ಹಿಂಬದಿಯಲ್ಲಿ ಇಟ್ಟಳು. ಡ್ರೈವರ್ ಮುಂದಿನ ಮನೆಯ ವಿಳಾಸ ಕೇಳಿದ. ಅವಳು ಚೀಟಿ ತೆಗೆದು ಓದಿ ಹೇಳಿದಳು.